ಟೀ ತಂದ ಆಯಾ ಅವರ ಹೆಸರು ಹಾಜರಿಯಲ್ಲಿ ಇರಲಿಲ್ಲ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ ಸರ್,

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸ್. ಕೆಲಸಕ್ಕೆ ಸೇರಿದಾಗ ಸ್ಟಾಫ್ ನರ್ಸ್, ಬಿಡುವಾಗ ಶುಶ್ರೂಷಾಧಿಕಾರಿ. ರೋಗಿಗಳಿಗೆ ಮಾತ್ರ ಮೊದಲಿನಿಂದ ಕೊನೆಯವರೆಗೂ ಸಿಸ್ಟರ್. ಕೊನೆಯ ಆರು ವರ್ಷ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಜವಾಬ್ದಾರಿಯೂ ನನ್ನ ಮೇಲಿತ್ತು. 'ಜವಾಬ್ದಾರಿಯೂ' ಅಂದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಗೊಂದು ನೋಟಿಸ್ ಹೋಗುತ್ತದೆ, ಇಬ್ಬರ ವಿವರಣೆ ಕೇಳುತ್ತಾರೆ, ಫೈಲು ಮುಚ್ಚುತ್ತದೆ. ನಾನು ಕೇಳುತ್ತಿರುವುದು ಅದಲ್ಲ.

ಒಂದು ತರಬೇತಿಯ ದಿನ. ಮೇಲಿನ ಮಹಡಿಯ ಮೀಟಿಂಗ್ ಹಾಲ್. ಆಸ್ಪತ್ರೆ ಸೋಂಕು ತಡೆಗಟ್ಟುವ ಬಗ್ಗೆ ಒಂದು ದಿನದ ಕಾರ್ಯಕ್ರಮ. ಪ್ರೊಜೆಕ್ಟರ್ ಇತ್ತು, ಬ್ಯಾನರ್ ಇತ್ತು, ದೀಪ ಹಚ್ಚಿದ್ದೂ ಆಯಿತು. 34 ಜನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. 11 ಗಂಟೆಗೆ ಟೀ ಬಂತು. ತಂದವರು ನಮ್ಮ ಹೆರಿಗೆ ವಾರ್ಡಿನ ಆಯಾ. ಔಟ್‌ಸೋರ್ಸ್ ಮೇಲೆ ಬಂದವರು, ಒಂಬತ್ತು ವರ್ಷದಿಂದ ಅಲ್ಲೇ ಇದ್ದಾರೆ. ಟ್ರೇ ಕೆಳಗಿಟ್ಟು ಬಾಗಿಲ ಹತ್ತಿರ ಒಂದು ನಿಮಿಷ ನಿಂತು ಪರದೆ ನೋಡಿದರು. ಪರದೆಯ ಮೇಲೆ ಆಗ ಕಸದ ಚೀಲಗಳ ಬಣ್ಣ ತೋರಿಸುತ್ತಿದ್ದೆ: ಹಳದಿ, ಕೆಂಪು, ಬಿಳಿ, ನೀಲಿ. ದಿನಕ್ಕೆ ಎರಡು ಸಲ ಆ ಚೀಲಗಳನ್ನು ಕಟ್ಟಿ ಹೊರುವವರು ಆಕೆ. "ಲೋಟ ಆಮೇಲೆ ತಗೊಂಡ್ ಹೋಗ್ತೀನಿ ಸಿಸ್ಟರ್" ಅಂದು ಇಳಿದುಹೋದರು.

ಒಳಗೆ ಬಂದು ಕೂತ್ಕೊಳ್ಳಿ ಅನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೌದು ಸರ್, ಆ ತರಬೇತಿ ಕೊಡುತ್ತಿದ್ದವಳು ನಾನೇ.

ಮೂರು ವಾರ ಆದ ಮೇಲೆ ಒಂದು ಭಾನುವಾರ ಸಂಜೆ ಹಳದಿ ಚೀಲದ ಬಾಯಿ ಕಟ್ಟುವಾಗ ಆಕೆಯ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಹಳದಿ ಚೀಲದಲ್ಲಿ ಸೂಜಿ ಇರಲೇಬಾರದು. ಅದಕ್ಕೆ ಬಿಳಿಯ ಗಟ್ಟಿ ಡಬ್ಬ ಇದೆ. ರಕ್ತದ ಹತ್ತಿ, ಬ್ಯಾಂಡೇಜಿನ ಜೊತೆ ಸೂಜಿಯನ್ನೂ ಬಾಚಿ ಹಾಕಿದವರು ಯಾರೋ ಗೊತ್ತಾಗಲಿಲ್ಲ. ಆದರೆ ವಾರ್ಡಿನಲ್ಲಿ ಸೂಜಿ ಹಿಡಿಯುವವರೆಲ್ಲ ಆ 34 ಜನರಲ್ಲೇ ಇದ್ದರು. ತಪ್ಪು ಮಾಡಿದ್ದು ಸಹಿ ಹಾಕಿದ ಕೈ. ಚುಚ್ಚಿಸಿಕೊಂಡಿದ್ದು ಟೀ ತಂದ ಕೈ.

ಆಕೆ ಯಾರಿಗೂ ಹೇಳಲಿಲ್ಲ. ಬೆರಳು ಹಿಂಡಿ ರಕ್ತ ತೆಗೆದು, ಸ್ಪಿರಿಟ್ ಹತ್ತಿ ಸುತ್ತಿಕೊಂಡು ಉಳಿದ ಚೀಲ ಕಟ್ಟಿದರು. ಹಿಂಡಬಾರದು, ಸುಮ್ನೆ ಸೋಪು ನೀರಿನಲ್ಲಿ ತೊಳೆಯಬೇಕು ಅನ್ನುವುದು ನನ್ನ ಸ್ಲೈಡಿನಲ್ಲಿತ್ತು. ಐದನೇ ದಿನ ಬೆರಳು ಊದಿಕೊಂಡಾಗ ನನಗೆ ತೋರಿಸಿದರು. ಯಾಕೆ ಮೊದಲೇ ಹೇಳಲಿಲ್ಲ ಅಂತ ಬೈದೆ. "ಹೇಳಿದ್ರೆ ಸೂಪರ್‌ವೈಸರ್ ನಾಳೆಯಿಂದ ಬೇರೆಯವರನ್ನ ಹಾಕ್ಕೊಳ್ತಾರೆ ಸಿಸ್ಟರ್, ಇಬ್ರು ಮಕ್ಕಳು ಓದ್ತಾ ಇದಾರೆ" ಅಂದರು. ಬೈದಿದ್ದಕ್ಕೆ ನನಗೇ ನಾಚಿಕೆಯಾಯಿತು.

ಐದು ದಿನ ಅಂದರೆ ಏನು ಅನ್ನುವುದು ನಿಮ್ಮ ಇಲಾಖೆಯ ಡಾಕ್ಟರುಗಳಿಗೆ ಗೊತ್ತು. ಓದುವ ಉಳಿದವರಿಗಾಗಿ ಹೇಳುತ್ತೇನೆ. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎರಡು ಗಂಟೆಯೊಳಗೆ ಆದರೆ ಇನ್ನೂ ಒಳ್ಳೆಯದು. ಆಮೇಲೆ 28 ದಿನ ತೆಗೆದುಕೊಳ್ಳಬೇಕು. ಆ ಬಾಗಿಲು ಆಕೆಗೆ ಮುಚ್ಚಿಹೋಗಿತ್ತು. ಹಾಗೆ ನೋಡಿದರೆ ಸೂಜಿಯಿಂದ ಎಚ್‌ಐವಿ ಬರುವ ಸಾಧ್ಯತೆ ಕಡಿಮೆಯೇ. ಸೋಂಕಿನ ರಕ್ತವಿದ್ದ ಸೂಜಿ 1000 ಜನಕ್ಕೆ ಚುಚ್ಚಿದರೆ ಸುಮಾರು 3 ಜನರಿಗೆ ಬರಬಹುದು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಆದರೆ 100ಕ್ಕೆ ಹೆಚ್ಚೂ ಕಡಿಮೆ 2. ಭಯಪಡಬೇಕಾದದ್ದು ಹೆಪಟೈಟಿಸ್ ಬಿಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಚುಚ್ಚಿದರೆ 100ಕ್ಕೆ 6ರಿಂದ 30 ಜನರಿಗೆ ಅಂಟಬಹುದು. ತಮಾಷೆ ಏನೆಂದರೆ, ಈ ಮೂರರಲ್ಲಿ ಲಸಿಕೆ ಇರುವುದು ಅದೊಂದಕ್ಕೇ. ಮೂರು ಡೋಸು, ಆರು ತಿಂಗಳು, ಕಡಿಮೆ ಖರ್ಚು. ಒಂಬತ್ತು ವರ್ಷದಲ್ಲಿ ಆಕೆಗೆ ಒಂದು ಡೋಸೂ ಸಿಕ್ಕಿರಲಿಲ್ಲ. ಪ್ರತಿ ವರ್ಷ ಲಸಿಕೆಗೆ ಪಟ್ಟಿ ಮಾಡುವಾಗ ಕಾಯಂ ಸಿಬ್ಬಂದಿಯ ಹೆಸರು ಬರೆಯುತ್ತಿದ್ದೆವು. ಔಟ್‌ಸೋರ್ಸ್‌ನವರನ್ನು ಏಜೆನ್ಸಿ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆವು. ಏಜೆನ್ಸಿಯವರು ಆಸ್ಪತ್ರೆ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದರು.

ಕಾನೂನು ಹೀಗೆ ಹೇಳುವುದಿಲ್ಲ ಸರ್. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಕೆಲಸಕ್ಕೆ ಸೇರುವಾಗ ಒಂದು ಸಲ, ಆಮೇಲೆ ವರ್ಷಕ್ಕೆ ಕನಿಷ್ಠ ಒಂದು ಸಲ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಯಾರಿಗೆ? ಆರೋಗ್ಯ ಸಿಬ್ಬಂದಿಗೆ ಮತ್ತು ತ್ಯಾಜ್ಯ ಮುಟ್ಟುವ 'ಇತರರಿಗೆ'. ಆ 'ಇತರರು' ಯಾರು ಅಂತ ನಾವು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಅದು ನಮ್ಮ ಆಯಾ. ಅದು ಬೆಳಗಿನ ಜಾವ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ನೆಲ ಒರೆಸುವ ಹುಡುಗ. ಅದು ಬಟ್ಟೆ ಒಗೆಯುವ ಅಜ್ಜ, ಶವಾಗಾರದ ಸಹಾಯಕ.

ಈಗ ತರಬೇತಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ತರಬೇತಿ ಇಲ್ಲ ಅಂತ ನಾನು ದೂರುತ್ತಿಲ್ಲ. ಜಾಸ್ತಿಯೇ ಇದೆ ಅನ್ನಬಹುದು. ಜಿಲ್ಲೆಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು, ಆನ್‌ಲೈನಿನಲ್ಲಿ ಹತ್ತು. ಕೋವಿಡ್ ಕಾಲದಲ್ಲಿ ಮೊಬೈಲಿನಲ್ಲೇ ಕೋರ್ಸು ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದ ಎಷ್ಟೋ ಸಿಸ್ಟರುಗಳು ಫೋನನ್ನು ಮಗನ ಕೈಗೆ ಕೊಟ್ಟು ಮಲಗಿದರು. ಆ ಹುಡುಗರೆಲ್ಲ ಈಗ ಸೋಂಕು ನಿಯಂತ್ರಣದಲ್ಲಿ ನಿಪುಣರು! ಬೈಯಬೇಡಿ, ಆ ದಿನಗಳಲ್ಲಿ ನಿದ್ದೆಯೇ ದೊಡ್ಡದಾಗಿತ್ತು.

ನನ್ನ ದೂರು ತರಬೇತಿ ಎಲ್ಲಿ ನಡೆಯುತ್ತದೆ, ಯಾರಿಗೆ ನಡೆಯುತ್ತದೆ ಅನ್ನುವುದರ ಬಗ್ಗೆ. ಮೀಟಿಂಗ್ ಹಾಲಿನಲ್ಲಿ ಕೂತು ಕೈ ತೊಳೆಯುವುದನ್ನು ಕಲಿಯುವುದು ದಡದಲ್ಲಿ ಕೂತು ಈಜು ಕಲಿತ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಹೇಳಿದೆ: ತರಬೇತಿ ಕೆಲಸಕ್ಕೆ ತಕ್ಕ ಹಾಗಿರಬೇಕು, ತಂಡವಾಗಿ ಕಲಿಸಬೇಕು, ಹಾಸಿಗೆಯ ಪಕ್ಕದಲ್ಲೇ ಮಾಡಿಸಿ ತೋರಿಸಬೇಕು ಅಂತ. ನಮ್ಮ ಕೇಂದ್ರ ಸರ್ಕಾರವೂ 2020ರ ಜನವರಿಯಲ್ಲಿ ಆಸ್ಪತ್ರೆ ಸೋಂಕು ತಡೆಯ ರಾಷ್ಟ್ರೀಯ ಮಾರ್ಗಸೂಚಿ ತಂದಿತು. ಒಳ್ಳೆಯ ಪುಸ್ತಕ. ನಮ್ಮ ಆಸ್ಪತ್ರೆಯಲ್ಲಿ ಅದರ ಪ್ರಿಂಟ್ ಕಬ್ಬಿಣದ ಬೀರುವಿನಲ್ಲಿತ್ತು, ಬೀರುವಿನ ಕೀ ಆಫೀಸ್ ಸೂಪರಿಂಟೆಂಡೆಂಟರ ಹತ್ತಿರ ಇತ್ತು.

ಆ ಸೂಜಿಯ ಘಟನೆ ಆದ ಮೇಲೆ ನಾನು ಮೀಟಿಂಗ್ ಹಾಲಿನ ತರಬೇತಿ ನಿಲ್ಲಿಸಿದೆ. ವಾರಕ್ಕೊಂದು ದಿನ, ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುವ ಹೊತ್ತಿಗೆ, ವಾರ್ಡಿನಲ್ಲೇ ಹದಿನೈದು ನಿಮಿಷ. ಬೆಳಗಿನವರೂ ಇರುತ್ತಾರೆ, ಮಧ್ಯಾಹ್ನದವರೂ ಬಂದಿರುತ್ತಾರೆ. ಆಯಾಗಳು, ನರ್ಸುಗಳು, ಸಿಕ್ಕಿದರೆ ಡಾಕ್ಟರು, ಎಲ್ಲರೂ ನಿಂತೇ. ಒಂದು ದಿನಕ್ಕೆ ಒಂದೇ ವಿಷಯ.

ಮೊದಲ ದಿನ ಬ್ಲೀಚಿಂಗ್ ಪುಡಿ. ರಕ್ತ ಬಿದ್ದ ಜಾಗಕ್ಕೆ 1 ಪರ್ಸೆಂಟ್ ಕ್ಲೋರಿನ್ ನೀರು ಬೇಕು ಅಂತ ಎಲ್ಲ ಸ್ಲೈಡುಗಳಲ್ಲೂ ಇರುತ್ತದೆ. ಬಕೆಟ್ಟಿನ ಮುಂದೆ ನಿಂತವರಿಗೆ 1 ಪರ್ಸೆಂಟ್ ಅಂದರೆ ಏನು? ಹೇಗೆ ಕಲಸುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬರು ಒಂದು ಹಿಡಿ ಅಂದರು, ಇನ್ನೊಬ್ಬರು ಎರಡು ಹಿಡಿ. ಮತ್ತೊಬ್ಬರು "ಮೂಗಿಗೆ ವಾಸನೆ ಬಡಿಯೋವರೆಗೂ ಹಾಕೋದು" ಅಂದರು. ಲೆಕ್ಕ ಕಷ್ಟದ್ದಲ್ಲ. ಒಳ್ಳೆಯ ಪುಡಿಯಲ್ಲಿ 30 ಪರ್ಸೆಂಟ್ ಕ್ಲೋರಿನ್ ಇರುತ್ತದೆ. ಲೀಟರ್ ನೀರಿಗೆ 33 ಗ್ರಾಂ, ಹತ್ತು ಲೀಟರ್ ಬಕೆಟ್ಟಿಗೆ 330 ಗ್ರಾಂ. ಎದುರಿನ ದಿನಸಿ ಅಂಗಡಿಗೆ ಹೋಗಿ ತಕ್ಕಡಿಯಲ್ಲಿ 330 ಗ್ರಾಂ ತೂಗಿಸಿದೆ. ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಪುಡಿ ನಿಂತ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದೆ. ಅಷ್ಟೇ. ಆ ಗೆರೆ ಅದುವರೆಗಿನ ನನ್ನ ಸ್ಲೈಡುಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ಆ ಹದಿನೈದು ನಿಮಿಷದಲ್ಲಿ ಕಲಿತವಳು ನಾನೂ ಹೌದು. ಪುಡಿಯ ಚೀಲ ಬಾಯಿ ತೆರೆದುಕೊಂಡು ತಿಂಗಳುಗಟ್ಟಲೆ ಒದ್ದೆ ಮೂಲೆಯಲ್ಲಿ ಬಿದ್ದಿರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಹಾಗೆ ಬಿದ್ದ ಪುಡಿಯಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಗೆರೆ ಎಳೆದು ಏನು ಬಂತು? ಕಲಸಿದ ನೀರನ್ನು ಮೂರು ದಿನ ಇಟ್ಟುಕೊಳ್ಳುತ್ತಾರೆ ಅಂತಲೂ ಗೊತ್ತಾಯಿತು. ದಿನಾ ಹೊಸದಾಗಿ ಕಲಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ರಕ್ತದ ಮೇಲೆ ನೇರ ನೀರು ಸುರಿದು ಪೊರಕೆಯಲ್ಲಿ ಗುಡಿಸುತ್ತಿದ್ದರು. ಮೊದಲು ಹಳೇ ಪೇಪರ್ ಅಥವಾ ಬಟ್ಟೆ ಮುಚ್ಚಿ, ಅದರ ಮೇಲೆ ಸುರಿದು, ಹತ್ತು ನಿಮಿಷ ಬಿಡಬೇಕು. ಇನ್ನೊಂದು ಕೇಳಿ ನನ್ನ ಎದೆ ಝಲ್ಲೆಂದಿತು. ಟಾಯ್ಲೆಟ್ ಬೇಗ ಬೆಳ್ಳಗಾಗಲಿ ಅಂತ ಆಸಿಡ್ಡಿಗೆ ಬ್ಲೀಚಿಂಗ್ ಸೇರಿಸುತ್ತಿದ್ದರಂತೆ. ಅದರಿಂದ ಏಳುವುದು ಕ್ಲೋರಿನ್ ಗ್ಯಾಸು. "ಅದಕ್ಕೇನಾ ಸಿಸ್ಟರ್, ಕೆಮ್ಮು ಹತ್ತಿಕೊಳ್ಳೋದು?" ಅಂತ ಒಬ್ಬರು ಕೇಳಿದರು. ಎಷ್ಟು ವರ್ಷದಿಂದ ಕೆಮ್ಮುತ್ತಿದ್ದರೋ.

ಎರಡನೇ ವಾರ ಕೈ. ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಎಲ್ಲರಿಗೂ ಬಿಳಿ ಗ್ಲೌಸ್ ಹಾಕಿಸಿ, ಕಣ್ಣು ಮುಚ್ಚಿಕೊಂಡು ಸ್ಯಾನಿಟೈಸರ್ ಉಜ್ಜಿದ ಹಾಗೆ ಉಜ್ಜಿ ಅಂದೆ. ಕಣ್ಣು ಬಿಟ್ಟು ನೋಡಿದರೆ ಅಂಗೈ ಕೆಂಪು, ಬೆರಳ ತುದಿ ಬಿಳಿ, ಹೆಬ್ಬೆರಳು ಬಿಳಿ. ರೋಗಿಯನ್ನು ಮುಟ್ಟುವುದೇ ಬೆರಳ ತುದಿಯಿಂದ ಅಲ್ವಾ? 'ನನಗೆಲ್ಲ ಗೊತ್ತು' ಅನ್ನುತ್ತಿದ್ದ ನಮ್ಮ ಹಿರಿಯ ಡಾಕ್ಟರ ಎರಡೂ ಹೆಬ್ಬೆರಳು ಹಾಲು ಬಿಳುಪು. ಅವರೂ ನಕ್ಕರು. ಎಲ್ಲರಿಗಿಂತ ಚೆನ್ನಾಗಿ ಕೆಂಪಾಗಿದ್ದು ನಮ್ಮ ಆಯಾ ಕೈ. ದಿನಾ ಪಾತ್ರೆ ತಿಕ್ಕುವ ಕೈ, ಮೂಲೆ ಬಿಡುವುದಿಲ್ಲ.

ಆದರೆ ಕೈ ತೊಳೆಯಲು ಬರುವುದಿಲ್ಲ ಅಂತ ಮಾತ್ರ ಜನ ತೊಳೆಯುವುದಿಲ್ಲವಾ? ಲೆಕ್ಕ ಹಾಕಿ ನೋಡಿ ಸರ್. ನಮ್ಮ ವಾರ್ಡಿನಲ್ಲಿ 30 ಹಾಸಿಗೆ, ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಒಬ್ಬ ಸಿಸ್ಟರ್. ಮೂರು ರೌಂಡು. ಪ್ರತಿ ರೋಗಿಗೆ ಮುಟ್ಟುವ ಮೊದಲು ಒಂದು ಸಲ, ಮುಟ್ಟಿದ ಮೇಲೆ ಒಂದು ಸಲ. 180 ಸಲ ಆಯಿತು. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಕಡಿಮೆ ಹಿಡಿದರೂ ಎರಡು ಗಂಟೆ, ನಲ್ಲಿಯವರೆಗೆ ಓಡಾಡಿದ್ದು ಬೇರೆ. ಅದೇ ಕೈಗೆಟುಕುವಲ್ಲಿ ಸ್ಯಾನಿಟೈಸರ್ ಬಾಟಲಿ ಇದ್ದರೆ 20 ಸೆಕೆಂಡ್ ಸಾಕು, ಒಂದು ಗಂಟೆ. ಕಣ್ಣಿಗೆ ಕಾಣುವ ಕೊಳೆ, ರಕ್ತ ಅಂಟಿದ್ದರೆ ಮಾತ್ರ ನಲ್ಲಿಗೆ ಹೋಗಲೇಬೇಕು. ನಮ್ಮ ವಾರ್ಡಿನಲ್ಲಿ ಬಾಟಲಿ ಎಲ್ಲಿತ್ತು ಗೊತ್ತಾ? ಡ್ಯೂಟಿ ರೂಮಿನ ಟೇಬಲ್ ಮೇಲೆ, ಕಳುವಾಗದ ಹಾಗೆ ದಾರದಲ್ಲಿ ಕಟ್ಟಿ.

ಸ್ವಿಟ್ಜರ್ಲೆಂಡಿನ ಜಿನೀವಾದ ದೊಡ್ಡ ಆಸ್ಪತ್ರೆಯಲ್ಲಿ 1990ರ ದಶಕದಲ್ಲಿ ಇದನ್ನು ಮಾಡಿ ನೋಡಿದರು. ಡಾಕ್ಟರ್ ಡಿಡಿಯೆ ಪಿಟೆ ಅವರ ತಂಡ. ಹಾಸಿಗೆ ಪಕ್ಕದಲ್ಲೇ ಬಾಟಲಿ ಇಟ್ಟರು, ಪೋಸ್ಟರುಗಳನ್ನು ಸಿಬ್ಬಂದಿ ಕೈಯಲ್ಲೇ ಮಾಡಿಸಿದರು, ಆಗಾಗ ಗಮನಿಸಿ ಫಲಿತಾಂಶವನ್ನು ಅವರಿಗೇ ತೋರಿಸಿದರು. ಕೈ ಶುಚಿ ಮಾಡಿಕೊಳ್ಳಬೇಕಾದ 100 ಸಂದರ್ಭಗಳಲ್ಲಿ 48 ಸಲ ಮಾಡುತ್ತಿದ್ದವರು 66 ಸಲ ಮಾಡತೊಡಗಿದರು. ಆಸ್ಪತ್ರೆಯಲ್ಲಿ ಅಂಟುವ ಸೋಂಕು ಸುಮಾರು 17 ಪರ್ಸೆಂಟಿನಿಂದ 10ಕ್ಕೆ ಇಳಿಯಿತು. ಅಷ್ಟು ದುಡ್ಡಿರುವ ದೇಶದಲ್ಲೂ ನೂರಕ್ಕೆ ನೂರು ಆಗಲಿಲ್ಲ ಅನ್ನುವುದನ್ನೂ ಗಮನಿಸಿ. ನಮ್ಮ ವರದಿಗಳಲ್ಲಿ ಪ್ರತಿ ತಿಂಗಳೂ 95, 98 ಅಂತ ಬರೆದಿರುತ್ತದೆ. ಬರೆದವರಲ್ಲಿ ನಾನೂ ಒಬ್ಬಳು. ಕಡಿಮೆ ಬರೆದರೆ ಕಾಯಕಲ್ಪದ, ಅಂದರೆ ಶುಚಿಯಾದ ಸರ್ಕಾರಿ ಆಸ್ಪತ್ರೆಗೆ ಪ್ರಶಸ್ತಿ ಕೊಡುವ ಯೋಜನೆಯ, ಅಂಕ ಹೋಗುತ್ತದಲ್ಲ!

ಕಾಯಕಲ್ಪವನ್ನು ನಾನು ಹೀಗಳೆಯುವುದಿಲ್ಲ. 2015ರಲ್ಲಿ ಅದು ಬಂದ ಮೇಲೆ ನಮ್ಮ ಆಸ್ಪತ್ರೆಯ ಟಾಯ್ಲೆಟ್ಟುಗಳು ಮನುಷ್ಯರು ಹೋಗುವ ಹಾಗಾದವು. ಆದರೆ ಪರಿಶೀಲನೆಗೆ ಬರುವ ಹಿಂದಿನ ವಾರ ಮಾತ್ರ ಬಾಟಲಿಗಳು ತುಂಬಿರುತ್ತವೆ, ಚೀಲಗಳು ಬಣ್ಣ ಬಣ್ಣವಾಗಿರುತ್ತವೆ. ಹಬ್ಬಕ್ಕೆ ಸುಣ್ಣ ಹೊಡೆದ ಹಾಗೆ.

ಇನ್ನೊಂದು ಕಷ್ಟದ ವಿಷಯ. ಡಾಕ್ಟರುಗಳು. ತರಬೇತಿಗೆ ಬಂದು ಸಹಿ ಹಾಕಿ ಓಪಿಡಿಗೆ ಹೋಗುತ್ತಾರೆ. ಜನ ಸಾಲಾಗಿ ನಿಂತಿರುತ್ತಾರೆ, ತಪ್ಪು ಅನ್ನಲಾರೆ. ಆದರೆ ಕಿರಿಯರು ಕಲಿಯುವುದು ಸ್ಲೈಡಿನಿಂದ ಅಲ್ಲ, ರೌಂಡಿನಲ್ಲಿ ಹಿರಿಯರ ಕೈ ನೋಡಿ. ದೊಡ್ಡ ಡಾಕ್ಟರು ಒಬ್ಬ ರೋಗಿಯ ಗಾಯ ಮುಟ್ಟಿದ ಕೈಯಲ್ಲೇ ಪಕ್ಕದ ಹಾಸಿಗೆಗೆ ಹೋದರೆ, ಹಿಂದೆ ಇರುವ ನಾವು ಏಳು ಜನ ಏನು ಮಾಡಬೇಕು? "ಸರ್, ಕೈ" ಅಂತ ಹೇಳುವ ಧೈರ್ಯ ನನಗೆ ಬಂದಿದ್ದು ಇಪ್ಪತ್ತಾರನೇ ವರ್ಷದ ಸರ್ವಿಸಿನಲ್ಲಿ. ಹೊಸ ಹುಡುಗಿಯೊಬ್ಬಳು ಹೇಳಿದರೆ ಅವಳ ರಜೆ ಅರ್ಜಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು.

ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಇದಕ್ಕೊಂದು ದಾರಿ ಮಾಡಿದರು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಐದು ಹೆಜ್ಜೆಗಳು, ಮೊದಲನೆಯದೇ ಕೈ ತೊಳೆಯುವುದು. ಡಾಕ್ಟರು ಒಂದು ಹೆಜ್ಜೆ ಬಿಟ್ಟರೂ ನರ್ಸ್ ನಿಲ್ಲಿಸಬಹುದು ಅಂತ ಆಡಳಿತವೇ ಅಧಿಕಾರ ಕೊಟ್ಟಿತು. 2006ರಲ್ಲಿ ಫಲಿತಾಂಶ ಬಂತು. ಆ ನಳಿಕೆಯಿಂದ ರಕ್ತಕ್ಕೆ ಸೇರುವ ಸೋಂಕು ಮೂರನೇ ಎರಡು ಭಾಗದಷ್ಟು ಕಡಿಮೆಯಾಗಿತ್ತು. ಐದು ಹೆಜ್ಜೆಗಳಲ್ಲಿ ಹೊಸದು ಏನೂ ಇರಲಿಲ್ಲ. ಅಲ್ಲಿ ಹೊಸದು ಅಂದರೆ 'ನಿಲ್ಲಿ' ಅನ್ನುವ ಹಕ್ಕು.

ನಮ್ಮಲ್ಲಿ ಬೇರೂರಿರುವ ಅಭ್ಯಾಸಗಳೂ ಕೆಲವಿವೆ. ಇಂಜೆಕ್ಷನ್ ಟ್ರೇಯಲ್ಲಿ ಬಟ್ಟಲು ತುಂಬ ಸ್ಪಿರಿಟ್‌ನಲ್ಲಿ ನೆನೆಸಿಟ್ಟ ಹತ್ತಿ ಇರುತ್ತದೆ. ನಾನು ಟ್ರೈನಿಂಗಿನಲ್ಲಿದ್ದಾಗ ಕಲಿತಿದ್ದೂ ಅದೇ. ಹಾಗೆ ಒಂದೇ ಬಟ್ಟಲಲ್ಲಿ ನೆನೆಸಿಟ್ಟ ಹತ್ತಿ ಬಳಸಬಾರದು, ಎಲ್ಲರ ಬೆರಳೂ ಅದರೊಳಗೆ ಹೋಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಬರೆದಿದೆ. ಅದು ನನಗೆ ತಲುಪಿದ್ದು ನಿವೃತ್ತಿಗೆ ಮೂರು ವರ್ಷ ಇದ್ದಾಗ. ಬಾಟಲಿಯ ರಬ್ಬರಿಗೆ ಒಂದು ಸೂಜಿ ಚುಚ್ಚಿ ಅಲ್ಲೇ ಬಿಟ್ಟು, ಎಲ್ಲರಿಗೂ ಅದರಿಂದಲೇ ಔಷಧಿ ಎಳೆಯುವುದು ಇನ್ನೊಂದು. ಶನಿವಾರ ಸಂಜೆ ಓಟಿಗೆ ಫಾರ್ಮಲಿನ್ ಹೊಗೆ ಹಾಕಿ, ಬೀಗ ಜಡಿದು, ಸೋಮವಾರದ ಹೊತ್ತಿಗೆ ಎಲ್ಲ ಶುದ್ಧ ಅಂದುಕೊಳ್ಳುವುದು ಮತ್ತೊಂದು. ಆ ಹೊಗೆಯಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು. ಹೊಗೆ ಹಾಕಿದರೆ ಮೂಲೆಯ ಕೊಳೆ ಹೋಗುವುದಿಲ್ಲ, ಸೋಪು ನೀರಿನಿಂದ ಉಜ್ಜಿದರೆ ಹೋಗುತ್ತದೆ. ಆದರೆ ಉಜ್ಜುವುದು ಕಷ್ಟದ ಕೆಲಸ, ಹೊಗೆ ಹಾಕಿದರೆ ಏನೋ ದೊಡ್ಡದು ಮಾಡಿದ ಹಾಗೆ ಅನ್ನಿಸುತ್ತದೆ.

ಇದರಿಂದೆಲ್ಲ ಏನಾದೀತು ಅನ್ನುವವರಿಗೆ ಒಂದು ಲೆಕ್ಕ. 2022ರ ಮೇ ತಿಂಗಳಿನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ, ಆಸ್ಪತ್ರೆಗೆ ದಾಖಲಾದ 100 ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಹೊಸ ಸೋಂಕು ಅಂಟುತ್ತದೆ. ಅಂಥ ಹತ್ತು ಜನರಲ್ಲಿ ಒಬ್ಬರು ಸಾಯುತ್ತಾರೆ. ಹೆರಿಗೆಗೆಂದು ನಗುತ್ತಾ ಬಂದ ಹುಡುಗಿ ಹೊಲಿಗೆ ಕೀವಾಗಿ ಇಪ್ಪತ್ತು ದಿನ ಮಲಗಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮನೆಯವರು ಅವಳು ಪಥ್ಯ ಸರಿಯಾಗಿ ಮಾಡಲಿಲ್ಲ ಅನ್ನುತ್ತಾರೆ. ನಾವು ಸುಮ್ಮನಿರುತ್ತೇವೆ. ಆ ಸುಮ್ಮನಿದ್ದಿದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಡ್ರಿಪ್ ಬಾಟಲಿಗಳ ಬಗ್ಗೆ ಮಾತಾಡಿತು. ರಕ್ತನಾಳಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಬಾಟಲಿಗಳ ಮೇಲೆ ಅನುಮಾನ ಬಂದು ಬಳಕೆ ನಿಂತಿತು. ಮಾತಾಡಲೇಬೇಕಿತ್ತು. ಆದರೆ ಬಾಟಲಿಗಾದರೆ ಲ್ಯಾಬ್ ಇದೆ, ಬ್ಯಾಚ್ ನಂಬರ್ ಇದೆ. ಬಾಟಲಿ ಚುಚ್ಚುವ ಕೈಗೆ ಬ್ಯಾಚ್ ನಂಬರ್ ಇರುವುದಿಲ್ಲ.

ನಮ್ಮ ಪಕ್ಕದ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಅವರ ಹೆಸರು ನೀವು ಕೇಳಿರುತ್ತೀರಿ. 2018ರ ಮೇ ತಿಂಗಳಿನಲ್ಲಿ ನಿಪಾ ರೋಗಿಯ ಆರೈಕೆ ಮಾಡಿ, ಅದೇ ರೋಗದಿಂದ 21ರಂದು ತೀರಿಕೊಂಡರು. ಆ ರೋಗಿ ಬಂದಾಗ ಅದು ನಿಪಾ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಸಲ ಬಹುಪಾಲು ಜನರಿಗೆ ಸೋಂಕು ತಗುಲಿದ್ದೂ ಆಸ್ಪತ್ರೆಗಳಲ್ಲೇ. ಅವರದ್ದೂ ನಮ್ಮಂಥ ತಾಲ್ಲೂಕು ಆಸ್ಪತ್ರೆ, ಅವರೂ ನಮ್ಮ ಹಾಗೆ ಪಾಳಿಯ ಮೇಲೆ ಹೋದವರು. ರೋಗ ಕೊರಳಿಗೆ ಬೋರ್ಡು ಹಾಕಿಕೊಂಡು ಬರುವುದಿಲ್ಲ. ಕೆಮ್ಮುವ ಪ್ರತಿಯೊಬ್ಬರಿಗೂ ಮಾಸ್ಕ್, ರಕ್ತ ಇರುವಲ್ಲೆಲ್ಲ ಗ್ಲೌಸ್, ಗ್ಲೌಸ್ ಬಿಚ್ಚಿದ ಮೇಲೆ ಮತ್ತೆ ಕೈ ಶುಚಿ. ಇದನ್ನು ರೋಗದ ಹೆಸರು ಗೊತ್ತಾಗುವ ಮೊದಲೇ ಮಾಡಬೇಕು. ಕೋವಿಡ್ ಬಂದಾಗ ಒಂದೇ ಜೊತೆ ಗ್ಲೌಸ್ ಇಡೀ ದಿನ ಹಾಕಿಕೊಂಡು ರೋಗಿಯನ್ನೂ, ಫೋನನ್ನೂ, ಬಾಗಿಲ ಹಿಡಿಯನ್ನೂ ಮುಟ್ಟಿದವರು ನಾವು. ಗ್ಲೌಸ್ ನಮ್ಮನ್ನು ಕಾಪಾಡುತ್ತದೆ ಅಂದುಕೊಂಡಿದ್ದೆವು. ಅದು ಊರೆಲ್ಲ ಹಂಚುತ್ತಿತ್ತು.

ಈಗ ಆ 'ಜವಾಬ್ದಾರಿಯೂ' ಅನ್ನುವ ಮಾತು. ಸೋಂಕು ನಿಯಂತ್ರಣದ ನರ್ಸ್ ಅಂತ ನನಗೊಂದು ಆದೇಶ ಇತ್ತು. ಜೊತೆಗೆ ಹೆರಿಗೆ ವಾರ್ಡಿನ ಪಾಳಿ, ಸ್ಟೋರಿನ ಚಾರ್ಜು, ಎರಡು ರಿಜಿಸ್ಟರು, ಲಸಿಕೆ ಅಭಿಯಾನ ಬಂದಾಗ ಅದೂ. ವಾರದ ಆ ಹದಿನೈದು ನಿಮಿಷ ನನ್ನ ಊಟದ ಹೊತ್ತಿನಿಂದ ಕದ್ದದ್ದು. 250 ಹಾಸಿಗೆಗೆ ಕನಿಷ್ಠ ಒಬ್ಬರು, ಸಾಧ್ಯವಾದರೆ 100ಕ್ಕೆ ಒಬ್ಬರು, ಇದೇ ಕೆಲಸಕ್ಕೆ ಪೂರ್ತಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಯದು ನೂರು ಹಾಸಿಗೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಸಿಸ್ಟರನ್ನು ಬೇರೆ ಯಾವ ಚಾರ್ಜೂ ಇಲ್ಲದೆ ಇದಕ್ಕೆ ಬಿಟ್ಟುಕೊಡಿ. ಹೊಸ ಹುದ್ದೆ ಮಂಜೂರಾಗುವವರೆಗೆ ಕಾಯಬೇಕಿಲ್ಲ, ಒಂದು ಆದೇಶ ಸಾಕು. ಅವರು ಹಾಲಿನಲ್ಲಿ ಅಲ್ಲ, ವಾರ್ಡಿನಲ್ಲಿ ಕಲಿಸಲಿ. ರಾತ್ರಿ ಪಾಳಿಗೂ ಹೋಗಲಿ. ಎಷ್ಟು ಜನ ಸಹಿ ಹಾಕಿದರು ಅನ್ನುವ ಕಾಲಂ ತೆಗೆದುಬಿಡಿ. ಎಷ್ಟು ಸಲ ಕೈ ಶುಚಿ ಮಾಡಿದ್ದನ್ನು ಕಣ್ಣಾರೆ ನೋಡಿದರು ಅನ್ನುವುದನ್ನು ಬರೆಯಲಿ. ಅದು 40 ಬಂದರೆ 40 ಅಂತಲೇ ಬರೆಯುವ ಧೈರ್ಯ ಬರಬೇಕಾದರೆ, ಕಡಿಮೆ ಬಂದ ಆಸ್ಪತ್ರೆಗೆ ನೋಟಿಸಿನ ಬದಲು ಬಾಟಲಿ ಕಳಿಸಬೇಕು.

ಔಟ್‌ಸೋರ್ಸ್ ಟೆಂಡರಿನಲ್ಲಿ ಮೂರು ಸಾಲು ಸೇರಿಸಿ. ಕೆಲಸಕ್ಕೆ ಬಂದ ಮೊದಲ ದಿನವೇ ಹೆಪಟೈಟಿಸ್ ಬಿ ಮೊದಲ ಡೋಸ್. ತರಬೇತಿಯ ಸಮಯಕ್ಕೂ ಕೂಲಿ. ಸೂಜಿ ಚುಚ್ಚಿತು ಅಂತ ಹೇಳಿದ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದಿಲ್ಲದಿದ್ದರೆ ಉಳಿದ ಎರಡೂ ಕಾಗದದ ಮೇಲೆ. ಇನ್ನು 'ನಿಲ್ಲಿ' ಅನ್ನುವ ಹಕ್ಕು ಕೊಡುವ ಒಂದು ಸುತ್ತೋಲೆ ನಿಮ್ಮ ಸಹಿಯಲ್ಲೇ ಬರಲಿ. ಅದು ಲೇಬರ್ ರೂಮಿನ ಗೋಡೆ ಮೇಲೆ ಕನ್ನಡದಲ್ಲಿ ಇರಲಿ.

ಮೇ 5 ಕೈ ಶುಚಿತ್ವದ ದಿನ. ಪ್ರತಿ ವರ್ಷ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತೇವೆ. ಈ ಸಲ ನೀವು ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಬರುವುದಾದರೆ ಹೇಳದೆ ಬನ್ನಿ, ರಾತ್ರಿ ಎರಡು ಗಂಟೆಗೆ ಬನ್ನಿ. ಹೆರಿಗೆ ವಾರ್ಡಿನ ನಲ್ಲಿ ತಿರುಗಿಸಿ ನೋಡಿ.

ನಮ್ಮ ಆಯಾಗೆ ಐದನೇ ದಿನವೇ ಲಸಿಕೆಯ ಮೊದಲ ಡೋಸ್ ಹಾಕಿಸಿದೆವು. ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ದುಬಾರಿ ಇಂಜೆಕ್ಷನ್, ಏಳು ದಿನದೊಳಗೆ ಕೊಡಬೇಕು. ನಾವು ನಾಲ್ಕು ಜನ ಸಿಸ್ಟರುಗಳು ದುಡ್ಡು ಸೇರಿಸಿ ಏಳನೇ ದಿನ ಬೆಳಗ್ಗೆ ತರಿಸಿದೆವು. ಆರು ವಾರ, ಮೂರು ತಿಂಗಳು, ಆರು ತಿಂಗಳ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು. ಮೂರನೇ ಡೋಸೂ ಆಗಿದೆ. ಈಗ ಹೊಸದಾಗಿ ಬರುವ ಹುಡುಗಿಯರಿಗೆ ಚೀಲ ಕಟ್ಟುವುದನ್ನು, ಗೆರೆಯ ಡಬ್ಬದಲ್ಲಿ ಪುಡಿ ಅಳೆಯುವುದನ್ನು ಅವರೇ ಹೇಳಿಕೊಡುತ್ತಾರೆ. ತರಬೇತುದಾರರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇಲ್ಲ. ಲಸಿಕೆ ಹಿಡಿದಿದೆಯೇ ಅಂತ ನೋಡುವ ರಕ್ತ ಪರೀಕ್ಷೆಯ ಖರ್ಚು ಆಸ್ಪತ್ರೆ ಕೊಡಬೇಕೋ ಏಜೆನ್ಸಿ ಕೊಡಬೇಕೋ ಅಂತ ನಾನು ನಿವೃತ್ತಳಾಗುವ ಮೊದಲು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಸಿಸ್ಟರ್ ಒಬ್ಬಳು